ಚೌಕಿ ಇಲ್ಲದ ವೇಷ

"ಟೀಚರ್, ಹಾಗಾದ್ರೆ ಇವಳು ಎಲ್ಲರಿಗೂ ಮೋಸ ಮಾಡ್ತಿದ್ದಾಳಾ?"

ಡೊಂಬಿವಲಿಯ ನಮ್ಮ ಭಾನುವಾರದ ಓದಿನ ಗುಂಪಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಹೀಗೆ ಕೇಳಿದ. ಆವತ್ತು ನಾವು ಓದುತ್ತಿದ್ದದ್ದು ಆಸ್ಟ್ರೇಲಿಯಾದ ಡೋನಾ ವಿಲಿಯಮ್ಸ್ ಅವರ ಆತ್ಮಕಥೆ 'ನೋಬಡಿ ನೋವೇರ್'. 1992ರಲ್ಲಿ ಬಂದ ಪುಸ್ತಕ. ಆಟಿಸಂ ಇರುವ ಹೆಣ್ಣುಮಗಳೊಬ್ಬಳು ತನ್ನ ಬಾಲ್ಯವನ್ನು ತಾನೇ ಬರೆದದ್ದು. ಚಿಕ್ಕಂದಿನಲ್ಲಿ ಪಾರ್ಕಿನಲ್ಲಿ ಸಿಕ್ಕಿದ ಕ್ಯಾರಲ್ ಎಂಬ ಹುಡುಗಿಯನ್ನು ಡೋನಾ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾಳೆ. ಆಮೇಲೆ ಜನರ ನಡುವೆ ಇರಬೇಕಾದಾಗ ತಾನೇ ಕ್ಯಾರಲ್ ಆಗಿಬಿಡುತ್ತಾಳೆ. ಕ್ಯಾರಲ್ ನಗುತ್ತಾಳೆ, ಮಾತಾಡುತ್ತಾಳೆ, ಎಲ್ಲರಿಗೂ ಇಷ್ಟವಾಗುತ್ತಾಳೆ. ಜೊತೆಗೆ ಇನ್ನೊಬ್ಬ, ವಿಲ್ಲಿ. ಅವನು ಸಿಟ್ಟಿನವ, ಗಟ್ಟಿಗ, ಕಾವಲಿಗೆ ನಿಲ್ಲುವವ. ಇವರಿಬ್ಬರ ಹಿಂದೆ ಡೋನಾ ಮಾತ್ರ ಎಲ್ಲೋ ಒಳಗೆ ಉಳಿದುಬಿಡುತ್ತಾಳೆ.

ಹುಡುಗನ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಅದಕ್ಕೆ ಉತ್ತರ ಕೊಡಬೇಕಾದರೆ ಎರಡು ವಿಷಯ ಗೊತ್ತಿರಬೇಕು. ಆಟಿಸಂ ಅಂದರೆ ಏನು? ಆಟಿಸಂ ಇರುವವರು ಅದನ್ನು ಯಾಕೆ ಮುಚ್ಚಿಡುತ್ತಾರೆ? ನಮಗೆ ಇವೆರಡನ್ನು ಅರ್ಥ ಮಾಡಿಕೊಳ್ಳಲು ನಾಲ್ಕು ಭಾನುವಾರ ಹಿಡಿಯಿತು.

ಮೊದಲು ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. ಇದರಲ್ಲಿ ಮನೆಯೊಳಗಿನ ಹಿಂಸೆಯ ಭಾಗಗಳಿವೆ. ಮಕ್ಕಳ ಕೈಗೆ ಪುಸ್ತಕ ಹಾಗೇ ಕೊಡುವಂಥದ್ದಲ್ಲ. ನಾನು ಆಯ್ದ ಭಾಗಗಳನ್ನು ಮಾತ್ರ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದೆ. ಬೇರೆ ಟೀಚರುಗಳೂ ಹಾಗೇ ಮಾಡುವುದು ಒಳ್ಳೆಯದು.

ಆಟಿಸಂ ರೋಗವಲ್ಲ. ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಹುಟ್ಟಿನಿಂದ ಬರುತ್ತದೆ, ಬದುಕಿಡೀ ಇರುತ್ತದೆ. ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದರು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಬರೆದರು. ಇವರಿಬ್ಬರಿಗಿಂತ ಸುಮಾರು 20 ವರ್ಷ ಮೊದಲೇ ಸೋವಿಯತ್ ದೇಶದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಮಕ್ಕಳನ್ನು ಗುರುತಿಸಿ ಬರೆದಿದ್ದರು. ಆಕೆಯ ಹೆಸರು ಬಹಳ ಕಾಲ ಯಾರಿಗೂ ನೆನಪಿರಲಿಲ್ಲ. ನಮ್ಮ ಹುಡುಗಿಯರಿಗೆ ಇದು ಗೊತ್ತಾಗಲಿ ಅಂತ ನಾನು ಬೇಕೆಂದೇ ಹೇಳುತ್ತೇನೆ.

ಕಾರಣದ ವಿಷಯದಲ್ಲಿ ತಾಯಂದಿರು ಅನುಭವಿಸಿದ್ದು ಸಣ್ಣ ಸಂಕಟವಲ್ಲ. ತಾಯಿ ಪ್ರೀತಿ ತೋರಿಸದೇ ಇದ್ದದ್ದಕ್ಕೆ ಮಗು ಹೀಗಾಯಿತು ಅಂತ ದೊಡ್ಡ ದೊಡ್ಡ ವೈದ್ಯರೇ ಒಂದು ಕಾಲದಲ್ಲಿ ಹೇಳುತ್ತಿದ್ದರು. ಅದು ಸುಳ್ಳು. ಲಸಿಕೆಯಿಂದ ಬರುತ್ತದೆ ಎಂದದ್ದೂ ಸುಳ್ಳು. ಆ ಮಾತನ್ನು ಹಬ್ಬಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲಿ ವಾಪಸ್ ತೆಗೆದುಕೊಂಡಿತು. ನಮ್ಮ ಮನೆಗಳಲ್ಲಿ ಮಾತ್ರ ಈಗಲೂ "ಮೊಬೈಲ್ ಜಾಸ್ತಿ ಕೊಟ್ಟೆ, ಅದಕ್ಕೇ ಹೀಗೆ" ಅಂತ ತಾಯಿಯನ್ನೇ ಬೈಯುತ್ತಾರೆ.

ಆಟಿಸಂ ಜೊತೆ ಸೇರಿಸಿ ಹೇಳುವ ಸ್ಪೆಕ್ಟ್ರಂ, ಅಂದರೆ ಹಲವು ಬಗೆಗಳ ಹರಹು, ಎಂಬ ಮಾತು ಜನರಿಗೆ ಗೊಂದಲ ಮಾಡುತ್ತದೆ. ಸ್ವಲ್ಪ ಆಟಿಸಂ, ಜಾಸ್ತಿ ಆಟಿಸಂ ಅಂತ ಒಂದೇ ಗೆರೆಯ ಮೇಲೆ ಮಕ್ಕಳನ್ನು ನಿಲ್ಲಿಸುತ್ತೇವೆ. ಗಣೇಶೋತ್ಸವದ ಮಂಡಳಿಯಲ್ಲಿ ಸೌಂಡ್‌ನವನ ಎದುರು ಒಂದು ಹಲಗೆ ಇರುತ್ತದಲ್ಲ, ಸಾಲು ಸಾಲು ಗುಂಡಿಗಳದ್ದು, ಅದನ್ನು ನೆನಪಿಸಿಕೊಳ್ಳಿ. ಒಂದೊಂದು ಗುಂಡಿಯೂ ಬೇರೆ ಬೇರೆಯಾಗಿ ಏರುತ್ತದೆ, ಇಳಿಯುತ್ತದೆ. ಒಬ್ಬ ಹುಡುಗನಿಗೆ ಸದ್ದಿನ ಗುಂಡಿ ತುಂಬಾ ಮೇಲೆ. ಕುಕ್ಕರ್ ಸೀಟಿ ಹಾಕಿದರೆ ಕಿವಿಗೆ ಚುಚ್ಚಿದ ಹಾಗೆ ನೋವಾಗುತ್ತದೆ. ಮಾತಿನಲ್ಲಿ ಅವನಿಗೆ ಏನೂ ತೊಂದರೆಯಿಲ್ಲ. ಇನ್ನೊಬ್ಬಳಿಗೆ ಸದ್ದು ಪರವಾಗಿಲ್ಲ, ಮಾತು ಬರುವುದಿಲ್ಲ. ಮತ್ತೊಬ್ಬನಿಗೆ ದಿನಚರಿ ಒಂಚೂರು ತಪ್ಪಿದರೂ ಇಡೀ ದಿನ ಕೆಟ್ಟು ಹೋಗುತ್ತದೆ. ಬದುಕಿಡೀ ಇನ್ನೊಬ್ಬರ ನೆರವು ಬೇಕಾದವರೂ ಇದ್ದಾರೆ. ಒಬ್ಬರ ಆತ್ಮಕಥೆ ಓದಿ ಎಲ್ಲರ ಆಟಿಸಂ ಗೊತ್ತಾಯಿತು ಎಂದುಕೊಳ್ಳಬಾರದು. ಬರೆಯಲು ಆಗದವರ ಕಥೆ ಪುಸ್ತಕವಾಗಿ ಬರುವುದೇ ಇಲ್ಲ, ಅಲ್ವಾ?

ಎಷ್ಟು ಜನ ಇದ್ದಾರೆ? ವಿಶ್ವ ಆರೋಗ್ಯ ಸಂಸ್ಥೆ 2021ನೇ ವರ್ಷಕ್ಕೆ ಕೊಟ್ಟಿರುವ ಅಂದಾಜು, 127 ಜನರಲ್ಲಿ ಒಬ್ಬರು. ಬೆಳಗಿನ 8 ಗಂಟೆಯ ಲೋಕಲ್‌ನಲ್ಲಿ ಒಂದೊಂದು ಡಬ್ಬಿಯಲ್ಲಿ ಎಷ್ಟು ಜನ ನಿಂತಿರುತ್ತಾರೆ ಅಂತ ಡೊಂಬಿವಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಈ ಲೆಕ್ಕದಲ್ಲಿ ಡಬ್ಬಿಗೆ ಇಬ್ಬರಾದರೂ ಇರಬಹುದು. ಅವರು ಯಾರು ಅಂತ ನಮಗೆ ಕಾಣುವುದಿಲ್ಲ. ಕಾಣದ ಹಾಗೆ ಇರಲು ಕಲಿತಿದ್ದಾರೆ. ಅದಕ್ಕೆ ಮಾಸ್ಕಿಂಗ್ ಅಂತ ಹೆಸರು.

ಕನ್ನಡದಲ್ಲಿ ಅದಕ್ಕೆ ಏನನ್ನೋಣ? ಮುಖವಾಡ ಅನ್ನಬಹುದು. ಸೋಗು ಅನ್ನಬಹುದು. ಎರಡರಲ್ಲೂ ವಂಚನೆಯ ವಾಸನೆ ಇದೆ. ಆ ಹುಡುಗ ಮೋಸ ಅಂದದ್ದು ಅದಕ್ಕೇ ಇರಬೇಕು. ಉಡುಪಿ ಕಡೆಯ ಒಬ್ಬ ಹುಡುಗಿ "ವೇಷ ಅನ್ನೋಣ ಟೀಚರ್" ಎಂದಳು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳದವರು ಮುಂಬೈಗೆ ಬಂದು ಆಟ ಆಡುವಾಗ ಅವಳು ಅಪ್ಪನ ಜೊತೆ ಮಾಟುಂಗಾಕ್ಕೆ ಹೋಗಿ ನೋಡುತ್ತಾಳೆ. ವೇಷ ಕಟ್ಟುವವರನ್ನು ನಾವು ಮೋಸಗಾರರು ಅನ್ನುವುದಿಲ್ಲ. ಅದು ದುಡಿಮೆ, ಮೈ ದಣಿಯುವ ದುಡಿಮೆ. ಈ ಮಾತು ನಮಗೆ ಹಿಡಿಸಿತು. ಆವತ್ತಿನಿಂದ ನಮ್ಮ ಗುಂಪಿನಲ್ಲಿ ಮಾಸ್ಕಿಂಗ್ ಎಂದರೆ ವೇಷ.

ಈ ವೇಷದಲ್ಲಿ ಏನೇನು ಇರುತ್ತದೆ? ಸಂಶೋಧಕಿ ಲಾರಾ ಹಲ್ ಮತ್ತು ಜೊತೆಯವರು ಆಟಿಸಂ ಇರುವ ದೊಡ್ಡವರ ಅನುಭವಗಳನ್ನು ಕೇಳಿ ತಿಳಿದುಕೊಂಡು 25 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಮೂರು ಬಗೆಗಳು ಕಾಣುತ್ತವೆ.

ಮೊದಲನೆಯದು, ಬಾರದ್ದನ್ನು ಲೆಕ್ಕ ಹಾಕಿ ತುಂಬಿಕೊಳ್ಳುವುದು. ಬೇರೆಯವರು ಹೇಗೆ ಮಾತಾಡುತ್ತಾರೆ ಎಂದು ಗಮನಿಸಿ ಕಲಿಯುತ್ತಾರೆ. ಮನೆಗೆ ನೆಂಟರು ಬರುತ್ತಾರೆ ಅಂದರೆ "ಬನ್ನಿ, ಆರಾಮಾ? ಟ್ರೈನ್ ರಶ್ ಇತ್ತಾ?" ಅಂತ ಮೊದಲೇ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಾರೆ. ಎರಡನೆಯದು, ಇರುವುದನ್ನು ಮುಚ್ಚುವುದು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಷ್ಟವಾದರೆ ಎದುರಿನವರ ಹುಬ್ಬುಗಳ ನಡುವೆ ನೋಡುತ್ತಾರೆ. ಖುಷಿಯಾದಾಗಲೋ ಗಾಬರಿಯಾದಾಗಲೋ ಕೈ ಆಡಿಸಬೇಕು, ಮೈ ತೂಗಬೇಕು ಅನಿಸಿದರೆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಮೂರನೆಯದು, ಗುಂಪಿನಲ್ಲಿ ಹೇಗಾದರೂ ಸೇರಿಹೋಗುವುದು. ಜೋಕ್ ಅರ್ಥವಾಗದಿದ್ದರೂ ಎಲ್ಲರೂ ನಕ್ಕಾಗ ತಾವೂ ನಗುತ್ತಾರೆ. ನಗು ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತಲೂ ನೋಡಿಕೊಂಡಿರುತ್ತಾರೆ.

ಕೈ ಆಡಿಸುವುದನ್ನು ತಡೆಯುವುದು ಅಂಥ ದೊಡ್ಡ ವಿಷಯವಾ ಅಂತ ಮಕ್ಕಳಿಗೆ ಅನಿಸಿತು. ಮದುವೆ ಮಂಟಪದಲ್ಲಿ ಮುಹೂರ್ತದ ಹೊತ್ತಿಗೆ ಕೆಮ್ಮು ಬಂದರೆ ಹೇಗೆ ತಡೆದುಕೊಂಡು ಕೂರುತ್ತೀರಿ? ಹಾಗೆ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ಮೇಲಿಂದ ಗಣಿತದ ಪಾಠ ಬೇರೆ ಕೇಳಬೇಕು. ಈ ಚಲನೆ ಅವರಿಗೆ ಕೆಟ್ಟ ಅಭ್ಯಾಸವಲ್ಲ. ಸದ್ದು, ಬೆಳಕು, ಮಾತು ಎಲ್ಲ ಒಟ್ಟಿಗೆ ನುಗ್ಗಿದಾಗ ಮನಸ್ಸನ್ನು ಹತೋಟಿಗೆ ತಂದುಕೊಳ್ಳುವ ದಾರಿ. ಆ ದಾರಿಯನ್ನೇ ಮುಚ್ಚಿಕೊಂಡು ಕೂತರೆ ಒಳಗೆ ಒತ್ತಡ ಏರುತ್ತಲೇ ಹೋಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಎಷ್ಟೋ ವರ್ಷಗಳ ಹಿಂದೆ ನಾನು ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲೊಬ್ಬಳು ಹುಡುಗಿ. ಸದ್ದಿಲ್ಲ, ಗದ್ದಲವಿಲ್ಲ, ನೋಟ್‌ಬುಕ್ ಅಚ್ಚುಕಟ್ಟು. ಅವಳ ಅಮ್ಮ ಒಂದು ದಿನ ಬಂದು, "ಟೀಚರ್, ಮನೆಗೆ ಬಂದ ಕೂಡಲೇ ಬಾಗಿಲು ಹಾಕಿಕೊಳ್ತಾಳೆ. ಲೈಟ್ ಹಾಕೋಕೆ ಬಿಡಲ್ಲ. ಮಾತಾಡಿಸಿದ್ರೆ ಚೀರ್ತಾಳೆ. ಶಾಲೇಲಿ ಏನಾದ್ರೂ ಆಗ್ತಿದೆಯಾ?" ಎಂದು ಕೇಳಿದರು. "ಇಲ್ಲಿ ಚೆನ್ನಾಗೇ ಇದ್ದಾಳಲ್ಲ, ನೀವೇ ಮುದ್ದು ಜಾಸ್ತಿ ಮಾಡಿರಬೇಕು" ಎಂದುಬಿಟ್ಟೆ. ಆ ತಾಯಿ ಏನೂ ಹೇಳದೆ ಹೋದರು. ಆ ಹುಡುಗಿಗೆ ಆಟಿಸಂ ಇತ್ತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನಾನು ಡಾಕ್ಟರ್ ಅಲ್ಲ. ಶಾಲೆಯಲ್ಲಿ ಚೆನ್ನಾಗಿದ್ದು ಮನೆಯಲ್ಲಿ ಕುಸಿಯುವ ಮಗು ಎಷ್ಟು ದುಡಿದು ಚೆನ್ನಾಗಿರುತ್ತದೆ ಅನ್ನುವುದು ಆಗ ನನಗೆ ಹೊಳೆಯಲಿಲ್ಲ. ಇವತ್ತಿಗೂ ಆ ತಾಯಿಯ ಮುಖ ಕಣ್ಣ ಮುಂದೆ ಬರುತ್ತದೆ.

ಹುಡುಗಿಯರಲ್ಲಿ ಆಟಿಸಂ ತಡವಾಗಿ ಗೊತ್ತಾಗಲು ಹೀಗೆ ವೇಷ ಕಟ್ಟುವುದೂ ಒಂದು ಕಾರಣ. ನಾಲ್ಕು ಹುಡುಗರಿಗೆ ಒಬ್ಬಳು ಹುಡುಗಿ ಎಂಬ ಲೆಕ್ಕ ಬಹಳ ವರ್ಷ ಓಡಾಡಿತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು ಮೂರಕ್ಕೆ ಒಂದರ ಹತ್ತಿರ ಬಂತು. ಎಷ್ಟೋ ಹುಡುಗಿಯರು ಲೆಕ್ಕಕ್ಕೇ ಸಿಕ್ಕಿರಲಿಲ್ಲ ಎಂದು ಇದರ ಅರ್ಥ. ನಮ್ಮ ಮನೆಗಳಲ್ಲಂತೂ "ನೆಟ್ಟಗೆ ಕೂತ್ಕೋ, ಬಂದವರ ಹತ್ರ ನಗ್ತಾ ಮಾತಾಡು" ಎಂಬ ಪಾಠ ಹೆಣ್ಣುಮಗುವಿಗೆ ಮೂರನೇ ವರ್ಷಕ್ಕೇ ಶುರು. ವೇಷ ಕಟ್ಟುವುದನ್ನು ಅವಳಿಗೆ ಮನೆಯೇ ಕಲಿಸಿಕೊಟ್ಟಿರುತ್ತದೆ.

ಮೂರನೇ ಭಾನುವಾರ ಒಬ್ಬಳು ಕೇಳಿದ ಪ್ರಶ್ನೆಯಿಂದ ಚರ್ಚೆ ಬೇರೆ ದಾರಿ ಹಿಡಿಯಿತು. "ಇದನ್ನ ನಾವೂ ಮಾಡ್ತೀವಲ್ಲ ಟೀಚರ್? ಮನೇಲಿ ತುಳು. ಬಿಲ್ಡಿಂಗ್ ಕೆಳಗೆ ಮರಾಠಿ. ಟ್ರೈನಲ್ಲಿ ಹಿಂದಿ. ಕಾಲೇಜಲ್ಲಿ ಇಂಗ್ಲಿಷ್. ಒಂದೊಂದು ಕಡೆ ನಾನು ಒಂದೊಂದು ಥರ."

ನಾನು ಉತ್ತರ ಹುಡುಕುತ್ತಿರುವಾಗಲೇ ವಿಜಯಪುರ ಕಡೆಯ ಹುಡುಗ ಬಾಯಿಬಿಟ್ಟ. ಅವನು ನಮ್ಮಲ್ಲಿ ಕಡಿಮೆ ಮಾತಿನವನು. "ಮನ್ಯಾಗ ನಾ 'ಹೊಂಟೀನಿ' ಅಂತೀನಿ. ಇಲ್ಲಿ ಮಾತ್ರ 'ಹೋಗ್ತೀನಿ' ಅಂತೀನಿ. ಮೊದಲನೇ ವಾರ ನೀವೆಲ್ಲ ನಕ್ಕಿದ್ರಿ." ಯಾರೂ ಮಾತಾಡಲಿಲ್ಲ. ನಕ್ಕಿದ್ದು ನಿಜ. ಅವನು ಎರಡು ವರ್ಷದಿಂದ ನಮ್ಮೆದುರು ಬೇರೆ ಕನ್ನಡ ಆಡುತ್ತಿದ್ದಾನೆ ಅಂತ ನನಗೂ ಗೊತ್ತಾಗಿರಲಿಲ್ಲ. ಆ ದಿನ ಮಕ್ಕಳು ಅವನಲ್ಲಿ ಕ್ಷಮೆ ಕೇಳಿದರು. ನಾನೂ ಕೇಳಿದೆ.

ಹಾಗಾದರೆ ಎಲ್ಲರೂ ಮಾಸ್ಕಿಂಗ್ ಮಾಡುವವರೇನಾ? ಒಂದು ಮಟ್ಟಕ್ಕೆ ಹೌದು. ಆದರೆ ಯಕ್ಷಗಾನದ ಹುಡುಗಿ ಒಂದು ದೊಡ್ಡ ವ್ಯತ್ಯಾಸ ಹಿಡಿದುಕೊಟ್ಟಳು. ವೇಷಧಾರಿಗೆ ಚೌಕಿ ಇರುತ್ತದೆ. ಅಲ್ಲಿ ಬಣ್ಣ ಹಚ್ಚುತ್ತಾರೆ. ರಾಕ್ಷಸರ ಬಣ್ಣದ ವೇಷವಾದರೆ ಮುಖದ ಮೇಲೆ ಚುಟ್ಟಿ, ಅಂದರೆ ಹಿಟ್ಟಿನ ಉಬ್ಬುಚುಕ್ಕಿಗಳನ್ನು, ಇಡುವುದಕ್ಕೇ ಗಂಟೆಗಟ್ಟಲೆ ಬೇಕು. ಆಟ ಮುಗಿದ ಮೇಲೆ ಅದೇ ಚೌಕಿಗೆ ಬಂದು ಕಿರೀಟ ಬಿಚ್ಚಿ, ಗೆಜ್ಜೆ ಕಳಚಿ, ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ. ಅಲ್ಲಿ ಅವರನ್ನು ರಾವಣ ಅಂತ ಯಾರೂ ಕರೆಯುವುದಿಲ್ಲ. ವಿಜಯಪುರದ ಹುಡುಗನಿಗೂ ಚೌಕಿ ಇದೆ. ಮನೆಗೆ ಹೋಗಿ "ಹೊಂಟೀನಿ" ಅಂದರೆ ಅಮ್ಮನೂ ಅದೇ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ. ಅಪ್ಪ, ಅಜ್ಜಿ, ಊರಿನ ಮಂದಿ ಎಲ್ಲರೂ ಅವನ ಹಾಗೇ ಮಾತಾಡುತ್ತಾರೆ.

ಆಟಿಸಂ ಇರುವ ಮಗುವಿಗೆ ಎಷ್ಟೋ ಸಲ ಇಡೀ ಮನೆಯಲ್ಲಿ ತನ್ನಂಥವರು ಒಬ್ಬರೂ ಇರುವುದಿಲ್ಲ. ಶಾಲೆಯಲ್ಲಿ ವೇಷ, ಟ್ಯೂಷನ್‌ನಲ್ಲಿ ವೇಷ, ಮನೆಗೆ ಬಂದರೆ "ಯಾಕೆ ಹಾಗೆ ಕೈ ಆಡಿಸ್ತೀಯ, ಜನ ನೋಡ್ತಾರೆ" ಎಂಬ ಮಾತು. ಒಂದು ಕೋಣೆ, ಒಂದು ಅಡುಗೆಮನೆ ಅಷ್ಟೇ ಇರುವ ಮುಂಬೈಯ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲೂ ಜಾಗವಿರುವುದಿಲ್ಲ. ಎಷ್ಟೋ ಮಕ್ಕಳಿಗೆ ಬಚ್ಚಲುಮನೆಯೊಂದೇ ಚೌಕಿ.

ಬಣ್ಣ ತೆಗೆಯದೆ ಹಾಗೇ ಬಿಟ್ಟರೆ ಏನಾಗುತ್ತದೆ? ಸಂಶೋಧಕರು ಈ ಬಗ್ಗೆ ತುಂಬ ಬರೆದಿದ್ದಾರೆ. ಜಾಸ್ತಿ ಮಾಸ್ಕಿಂಗ್ ಮಾಡುವವರಲ್ಲಿ ಆತಂಕ, ಖಿನ್ನತೆ ಜಾಸ್ತಿ ಕಾಣುತ್ತದೆ. ಬದುಕೇ ಬೇಡ ಎನ್ನುವ ಯೋಚನೆಗೂ ಇದಕ್ಕೂ ಸಂಬಂಧ ಕಂಡಿದೆ. ಇನ್ನೊಂದು ದಣಿವಿದೆ. ತಿಂಗಳುಗಟ್ಟಲೆ ಉಳಿಯುವ ದಣಿವು. ಅದು ಬಂದಾಗ ಮೊದಲು ಬರುತ್ತಿದ್ದ ಕೆಲಸಗಳೂ ಕೈತಪ್ಪುತ್ತವೆ. ಅಡುಗೆ ಮಾಡುತ್ತಿದ್ದವರಿಗೆ ಅಡುಗೆ ಆಗುವುದಿಲ್ಲ, ಮಾತಾಡುತ್ತಿದ್ದವರಿಗೆ ಮಾತು ಹೊರಡುವುದಿಲ್ಲ. ಹೊರಗಿನವರು ಅದನ್ನು ಸೋಮಾರಿತನ ಎನ್ನುತ್ತಾರೆ. ಇವೆಲ್ಲಕ್ಕಿಂತ ಆತ್ಮಕಥೆ ತೋರಿಸುವ ನಷ್ಟ ನನ್ನ ಮನಸ್ಸನ್ನು ಜಾಸ್ತಿ ಹಿಂಡುತ್ತದೆ. ಎಲ್ಲರಿಗೂ ಇಷ್ಟವಾದದ್ದು ಕ್ಯಾರಲ್. ಡೋನಾಳನ್ನು ಯಾರೂ ನೋಡಿಯೇ ಇಲ್ಲ. ಹಾಗಿರುವಾಗ ಸಿಕ್ಕ ಪ್ರೀತಿ ಯಾರಿಗೆ ಸಿಕ್ಕಿದ್ದು?

ಈಗ ಆ ಮೊದಲನೇ ಹುಡುಗನ ಪ್ರಶ್ನೆಗೆ ಬರೋಣ. ಇದು ಮೋಸ ಅಲ್ಲ. ಮೋಸದಲ್ಲಿ ಮಾಡುವವನಿಗೆ ಲಾಭ, ಎದುರಿನವನಿಗೆ ನಷ್ಟ. ಇಲ್ಲಿ ಎದುರಿನವರಿಗೆ ಎಲ್ಲ ಸಲೀಸು, ನಷ್ಟವೆಲ್ಲ ವೇಷ ಕಟ್ಟಿದವರದು. ಬೈಗುಳ, ಹೊಡೆತ, ಗೇಲಿ ಇವುಗಳಿಂದ ತಪ್ಪಿಸಿಕೊಳ್ಳಲು ಮಗು ಕಂಡುಕೊಂಡ ದಾರಿ ಅದು.

ಮಕ್ಕಳು ಇದನ್ನು ಒಪ್ಪಿಕೊಂಡ ಮೇಲೂ ಒಬ್ಬನಿಗೆ ಅನುಮಾನ ಉಳಿದಿತ್ತು. "ಆದ್ರೆ ಅವರಿಗೆ ಬೇರೆಯವರ ಮನಸ್ಸು ಅರ್ಥ ಆಗಲ್ಲವಂತಲ್ಲ?" ಈ ಮಾತು ಬಹಳ ಹಳೆಯದು. 2012ರಲ್ಲಿ ಇಂಗ್ಲೆಂಡಿನ ಸಂಶೋಧಕ ಡೇಮಿಯನ್ ಮಿಲ್ಟನ್ ಇದನ್ನು ಪ್ರಶ್ನೆ ಮಾಡಿದರು. ಅವರಿಗೇ ಆಟಿಸಂ ಇದೆ. ಅವರು ಹೇಳಿದ್ದು ಇಷ್ಟು: ಅರ್ಥವಾಗದೇ ಇರುವುದು ಎರಡೂ ಕಡೆ ಇದೆ. ಆಟಿಸಂ ಇರುವವರಿಗೆ ನಮ್ಮ ಮನಸ್ಸು ಅರ್ಥವಾಗುವುದಿಲ್ಲ ಎನ್ನುತ್ತೇವೆ. ನಮಗೆ ಅವರ ಮನಸ್ಸು ಎಷ್ಟು ಅರ್ಥವಾಗಿದೆ?

ಇದನ್ನು ಪರೀಕ್ಷಿಸಲು ಎಡಿನ್‌ಬರಾದ ಸಂಶೋಧಕರು ಒಂದು ಆಟ ಆಡಿಸಿದರು. ನಾವು ಚಿಕ್ಕವರಿದ್ದಾಗ ಸಾಲಾಗಿ ಕೂತು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಮಾತು ದಾಟಿಸುತ್ತಿದ್ದೆವಲ್ಲ, ಹಾಗೆ ಒಂದು ಕಥೆಯನ್ನು ಎಂಟು ಜನರ ಸಾಲಿನಲ್ಲಿ ದಾಟಿಸುವುದು. 2020ರಲ್ಲಿ ಬಂದ ಫಲಿತಾಂಶ ನೋಡಿ. ಎಲ್ಲರೂ ಆಟಿಸಂ ಇರುವವರ ಸಾಲಿನಲ್ಲಿ ಕಥೆ ಚೆನ್ನಾಗಿ ದಾಟಿತು. ಆಟಿಸಂ ಇಲ್ಲದವರ ಸಾಲಿನಲ್ಲೂ ಅಷ್ಟೇ ಚೆನ್ನಾಗಿ ದಾಟಿತು. ಎರಡೂ ಬೆರೆತ ಸಾಲಿನಲ್ಲಿ ಜಾಸ್ತಿ ಸೋರಿಹೋಯಿತು. ಆಮೇಲೆ ಇನ್ನೂ ಹೆಚ್ಚು ಜನರನ್ನು ಸೇರಿಸಿ ಮಾಡಿದ ಅಧ್ಯಯನದಲ್ಲಿ ಮೂರೂ ಸಾಲುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಬೆರೆತ ಸಾಲಿನ ಮಾತು ಇನ್ನೂ ಚರ್ಚೆಯಲ್ಲಿದೆ ಅಂತಿಟ್ಟುಕೊಳ್ಳಿ. ಆದರೆ ಎರಡೂ ಅಧ್ಯಯನಗಳಲ್ಲಿ ಆಟಿಸಂ ಇರುವವರ ಸಾಲು ಹಿಂದೆ ಬೀಳಲಿಲ್ಲ. ಅವರಿಗೆ ಸಂವಹನವೇ ಬಾರದು ಎನ್ನುವ ಮಾತು ಅಷ್ಟಕ್ಕೇ ಬಿದ್ದುಹೋಗುತ್ತದೆ.

ತನ್ನನ್ನು ತಾನು ಒಪ್ಪಿಕೊಳ್ಳುವುದು ಎಂಬ ಮಾತನ್ನು ನಾನು ಸ್ವಲ್ಪ ಭಯದಿಂದಲೇ ಬಳಸುತ್ತೇನೆ. "ನೀನು ಹೇಗಿದ್ದೀಯೋ ಹಾಗೇ ಇರು" ಎಂದು ಪೋಸ್ಟರ್ ಅಂಟಿಸುವುದು ಸುಲಭ. ಹಾಗೇ ಇದ್ದರೆ ಪೆಟ್ಟು ಬೀಳುವ ಕಡೆ ಮಗು ಹೇಗೆ ಹಾಗೇ ಇದ್ದೀತು? ವೇಷ ಕಳಚು ಎಂದು ಯಾರನ್ನೂ ಒತ್ತಾಯಿಸಬಾರದು. ಎಲ್ಲಿ, ಯಾರ ಮುಂದೆ, ಎಷ್ಟು ಕಳಚಬೇಕು ಅಂತ ತೀರ್ಮಾನಿಸುವುದು ಅವರ ಹಕ್ಕು. ಮಗು ತನ್ನನ್ನು ಒಪ್ಪಿಕೊಳ್ಳಬೇಕಾದರೆ ಮೊದಲು ಸುತ್ತಲಿನವರು ಒಂದು ಚೌಕಿ ಕಟ್ಟಿಕೊಡಬೇಕು. ಎಷ್ಟೋ ಜನ ದೊಡ್ಡವರಾದ ಮೇಲೆ ತಮಗೆ ಆಟಿಸಂ ಇದೆ ಎಂದು ಗೊತ್ತಾದಾಗ ಅತ್ತಿದ್ದಾರೆ. ಆ ಅಳುವಿನಲ್ಲಿ ನೆಮ್ಮದಿ ಇತ್ತು ಎಂದೂ ಬರೆದಿದ್ದಾರೆ. ಅಲ್ಲಿಯವರೆಗೆ ಸೊಕ್ಕು, ಮೊಂಡು, ಕೆಟ್ಟವಳು ಎಂಬ ಹೆಸರುಗಳೇ ಇದ್ದವು. ಈಗ ಸರಿಯಾದ ಹೆಸರು ಸಿಕ್ಕಿತು.

ಕಾಗದದ ಮೇಲೆ ನಮ್ಮ ದೇಶದ ಕಾನೂನು ಚೆನ್ನಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಆಟಿಸಂ ಅದರಲ್ಲಿ ಒಂದು. ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಆ ಸರ್ಟಿಫಿಕೇಟ್ ಕೊಡಲು ಬಳಸುವ ಭಾರತೀಯ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ. ಮಗುವನ್ನು ನೋಡಿ, ತಂದೆ ತಾಯಿಯನ್ನು ಕೇಳಿ ಅಂಕ ಹಾಕುತ್ತಾರೆ. ವೇಷ ಚೆನ್ನಾಗಿ ಕಟ್ಟುವ ಮಗು ಆ ಕೋಣೆಯಲ್ಲೂ ಚೆನ್ನಾಗಿಯೇ ಕೂರುತ್ತದೆ. ಅದಕ್ಕೇ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ತಾಯಂದಿರು ದಿನಾ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಬೇಕು. ಟೀಚರುಗಳು ಅವರ ಮಾತನ್ನು ನಂಬಬೇಕು.

ಮಕ್ಕಳಿಗೆ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಿದ್ದೆ. ಪುಸ್ತಕ ಓದಿ ಬಂದು ಕ್ಲಾಸಿನ ಯಾರನ್ನೋ ತೋರಿಸಿ "ಇವನಿಗೆ ಆಟಿಸಂ" ಅನ್ನಬಾರದು. ಗುರುತಿಸುವುದು ಪರಿಣತರ ಕೆಲಸ, ಹೇಳಿಕೊಳ್ಳುವುದು ಅವರವರ ಇಷ್ಟ. ಅದರ ಬದಲು ಯಾರಿಗೆ ಇದ್ದರೂ ಇಲ್ಲದಿದ್ದರೂ ಎಲ್ಲರಿಗೂ ಉಪಯೋಗವಾಗುವ ಹಾಗೆ ನಮ್ಮ ಓದಿನ ಕೋಣೆಯಲ್ಲಿ ಏನು ಬದಲಾಯಿಸಬಹುದು ಅಂತ ಕೇಳಿದೆ.

ಅರ್ಧ ಗಂಟೆಯಲ್ಲಿ ಅವರೇ ನಿರ್ಧಾರ ಮಾಡಿದರು. ಗುಂಯ್ ಅನ್ನುತ್ತಿದ್ದ ಟ್ಯೂಬ್‌ಲೈಟ್ ತೆಗೆಸಬೇಕು. ಆವತ್ತು ಏನು ಓದುತ್ತೇವೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಬೋರ್ಡಿನಲ್ಲಿ ಬರೆಯಬೇಕು. ಉತ್ತರ ಬಾಯಲ್ಲಿ ಹೇಳಲು ಆಗದವರು ಚೀಟಿ ಬರೆದು ಕೊಡಬಹುದು. ಮಾತಾಡುವಾಗ ಕಣ್ಣಿಗೆ ಕಣ್ಣು ಕೊಡಲೇಬೇಕು ಅಂತಿಲ್ಲ. ಬಾಲ್ಕನಿಯ ಪಕ್ಕದ ಮೂಲೆಯಲ್ಲಿ ಒಂದು ಚಾಪೆ ಹಾಸಿರಬೇಕು, ಯಾರು ಯಾವಾಗ ಬೇಕಾದರೂ ಅಲ್ಲಿ ಹೋಗಿ ಕೂರಬಹುದು, ಯಾಕೆ ಅಂತ ಯಾರೂ ಕೇಳಬಾರದು. ಅದಕ್ಕೆ ಚೌಕಿ ಅಂತ ಹೆಸರಿಟ್ಟರು. ಕೊನೆಯ ನಿಯಮವನ್ನು ಸೇರಿಸಿದ್ದು ವಿಜಯಪುರದ ಹುಡುಗ. ಅದನ್ನು ಬೋರ್ಡಿನಲ್ಲಿ ಅವನದೇ ಕನ್ನಡದಲ್ಲಿ ಬರೆದಿದ್ದೇವೆ: "ಯಾರರ ಮಾತಾಡಾಕತ್ತಿದ್ರ ನಗಬ್ಯಾಡ್ರಿ."